ಮುತ್ಯಾನ ಟ್ರಂಕಿನ 'ಜರ್ಮನ್' ಪಿಸ್ತೂಲು: ಒಂದು ಪ್ರಶ್ನೆ, ಅದರ ಹಿಂದಿನ ಇತಿಹಾಸ

ತಾಂಬಾದಲ್ಲಿ ಬಸ್ಸಿಗೆ ಕಾಯುತ್ತ ಚಹಾ ಕುಡಿಯುವಾಗ ನಮ್ಮ ಬಳಗದ ಇಬ್ಬರಿಗೆ ಒಬ್ಬ ಕಾಕಾ ಸಿಕ್ಕರು. ನಾವು ಹಳೆಯ ಸಂಗತಿಗಳನ್ನು ಬರೆಯುವ ಹುಡುಗರು ಅಂತ ಅವರಿಗೆ ಯಾರೋ ಹೇಳಿದ್ದರು. ಬದಿಗೆ ಕರೆದು ಸಣ್ಣ ದನಿಯಲ್ಲಿ ಕೇಳಿದರು.

"ತಮ್ಮಾ, ನಮ್ಮ ಮುತ್ಯಾ ಮಿಲ್ಟ್ರಿಯೊಳಗಿದ್ದ. ಅಂವ ತಂದದ್ದೊಂದು ಪಿಸ್ತೂಲು ಟ್ರಂಕಿನ್ಯಾಗ ಐತಿ. ಜರ್ಮನಿದಂತ. ವಾಟ್ಸಾಪಿನ್ಯಾಗ ಒಬ್ಬಾಂವ ಐದು ಲಕ್ಷ ಕೊಡ್ತೀನಿ ಅನ್ನಾಕತ್ತಾನ. ಮಾರಬಹುದೇನು?"

ನಾವು ಆಗಲೇ ಉತ್ತರ ಕೊಡಲಿಲ್ಲ. "ಕಾಕಾ, ನಾಕು ದಿನ ತಡೀರಿ, ಯಾರಿಗೂ ಫೋಟೊ ಕಳಸಬ್ಯಾಡ್ರಿ" ಅಂತಷ್ಟೇ ಹೇಳಿ ಬಂದೆವು. ಆಮೇಲೆ ಕೂತು ಓದಿದೆವು, ತಿಳಿದವರನ್ನು ಕೇಳಿದೆವು. ಕಾಕಾರಿಗೆ ಕೊಡಬೇಕಾದ ಉತ್ತರ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಅದರೊಳಗೆ ಜರ್ಮನಿ ಇತ್ತು, ಕಲ್ಕತ್ತಾ ಇತ್ತು, ನಮ್ಮ ಬಿಜಾಪುರದ ಕೋಟೆ ಇತ್ತು, ಹಲಗಲಿಯೂ ಇತ್ತು. ಇಂಥ ಪ್ರಶ್ನೆ ಇನ್ನೂ ಕೆಲವರ ಮನಸ್ಸಿನಲ್ಲಿ ಇದ್ದೀತು ಅಂತ ಇಲ್ಲಿ ಬರೆಯುತ್ತಿದ್ದೇವೆ.

ಜರ್ಮನ್ ಪಿಸ್ತೂಲು ಅಂದರೆ ಯಾವುದು?

ನಮ್ಮ ಕಡೆ 'ಜರ್ಮನ್' ಅನ್ನುವ ಮಾತು ಬಹಳ ಸಡಿಲು. ಅಲ್ಯೂಮಿನಿಯಂ ಬೋಗಾಣಿಗೂ ಜರ್ಮನ್ ಬೋಗಾಣಿ ಅನ್ನುತ್ತೇವೆ. ಹಾಗೆಯೇ ಹಳೆಯ, ಗಟ್ಟಿಮುಟ್ಟಾದ ಕಬ್ಬಿಣದ ಸಾಮಾನು ಕಂಡರೆ 'ಇದು ಜರ್ಮನಿದು' ಅಂದುಬಿಡುತ್ತೇವೆ. ಆದರೆ ಜಗತ್ತಿನಲ್ಲಿ ಹಳೆಯ ಆಯುಧ ಸಂಗ್ರಹಿಸುವವರು ಜರ್ಮನ್ ಪಿಸ್ತೂಲು ಅಂದಾಗ ಮುಖ್ಯವಾಗಿ ಮೂರು ಹೆಸರು ಹೇಳುತ್ತಾರೆ.

ಮೊದಲನೆಯದು ಮೌಸರ್ ಸಿ-96. ಜರ್ಮನಿಯ ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆಯಲ್ಲಿ 1896ರಿಂದ ತಯಾರಾಯಿತು. ಗುಂಡು ತುಂಬುವ ಪೆಟ್ಟಿಗೆ ಹಿಡಿಕೆಯ ಒಳಗಲ್ಲ, ಮುಂದೆ ಇರುತ್ತದೆ. ಹಿಡಿಕೆ ದುಂಡಗೆ, ಕಸಬರಿಗೆ ಹಿಡಿಯ ಹಾಗೆ. ಅದಕ್ಕೇ ಇಂಗ್ಲಿಷರು ಅದನ್ನು ಕಸಬರಿಗೆ ಹಿಡಿಕೆಯ ಪಿಸ್ತೂಲು ಅಂತಲೇ ಕರೆದರು. ಮೇಲಿನಿಂದ ಹತ್ತು ಗುಂಡು ಒಟ್ಟಿಗೆ ತುಂಬಬಹುದಿತ್ತು. ಅದರ ಕಟ್ಟಿಗೆಯ ಚೀಲವನ್ನೇ ಹಿಂದೆ ಸಿಕ್ಕಿಸಿದರೆ ಬಂದೂಕಿನ ಹಾಗೆ ಹೆಗಲಿಗೆ ಕೊಟ್ಟು ಹೊಡೆಯಬಹುದಿತ್ತು.

ಎರಡನೆಯದು ಲ್ಯೂಗರ್. ಜಾರ್ಜ್ ಲ್ಯೂಗರ್ ಅನ್ನುವವನು ರೂಪಿಸಿದ್ದು. 1900ರಲ್ಲಿ ಸ್ವಿಟ್ಜರ್ಲೆಂಡಿನ ಸೈನ್ಯ, 1904ರಲ್ಲಿ ಜರ್ಮನಿಯ ನೌಕಾಪಡೆ, 1908ರಲ್ಲಿ ಜರ್ಮನಿಯ ಭೂಸೇನೆ ಇದನ್ನು ಒಪ್ಪಿಕೊಂಡವು. 1908 ಅನ್ನುವುದರಿಂದಲೇ ಇದಕ್ಕೆ ಪಿ-08 ಅನ್ನುವ ಹೆಸರು ಬಂತು. ಗುಂಡು ಹಾರಿದಾಗ ಇದರ ಮೇಲಿನ ಭಾಗ ಮನುಷ್ಯನ ಮೊಣಕಾಲು ಮಡಚಿದ ಹಾಗೆ ಮೇಲಕ್ಕೆ ಮಡಚಿ ಇಳಿಯುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಮೂರನೆಯದು ವಾಲ್ಥರ್ ಪಿ-38. ಲ್ಯೂಗರ್ ತಯಾರಿಸಲು ಖರ್ಚು ಹೆಚ್ಚು, ಸಮಯವೂ ಹೆಚ್ಚು. ಅದರ ಬದಲಿಗೆ 1938ರಲ್ಲಿ ಜರ್ಮನಿ ಇದನ್ನು ಆರಿಸಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಎರಡೂ ಇದ್ದವು.

ಈ ಮೂರರಲ್ಲಿ ಯಾವುದಕ್ಕೂ ತಿರುಗುವ ಗಾಲಿ ಇಲ್ಲ. ಗುಂಡು ತುಂಬಿ ತಿರುಗುವ ದುಂಡು ಗಾಲಿ ಇದ್ದರೆ ಅದು ರಿವಾಲ್ವರ್. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಎತ್ತಿನ ಬಂಡಿಯಲ್ಲಿ ಹೋದ 50 ಪಿಸ್ತೂಲು

ಜರ್ಮನ್ ಪಿಸ್ತೂಲು ಭಾರತದ ಇತಿಹಾಸದಲ್ಲಿ ದೊಡ್ಡ ಸದ್ದು ಮಾಡಿದ್ದು 1914ರ ಆಗಸ್ಟ್ 26ರಂದು. ಕಲ್ಕತ್ತಾದಲ್ಲಿ ರೊಡ್ಡಾ ಅನ್ನುವ ಇಂಗ್ಲಿಷರ ಬಂದೂಕು ವ್ಯಾಪಾರದ ಕಂಪನಿ ಇತ್ತು. ಅದಕ್ಕೆ ಹಡಗಿನಲ್ಲಿ 202 ಪೆಟ್ಟಿಗೆ ಮಾಲು ಬಂದಿತ್ತು. ಬಂದರಿನಿಂದ ಮಾಲು ಬಿಡಿಸಿಕೊಂಡು ಬರುವ ಕೆಲಸ ಕಂಪನಿಯ ನೌಕರ ಶ್ರೀಶಚಂದ್ರ ಮಿತ್ರನದು. ಅವನು ಕ್ರಾಂತಿಕಾರಿಗಳ ಕಡೆಯವನು ಅಂತ ಕಂಪನಿಗೆ ಗೊತ್ತಿರಲಿಲ್ಲ.

192 ಪೆಟ್ಟಿಗೆ ಗೋದಾಮಿಗೆ ಬಂದವು. ಉಳಿದ ಹತ್ತು ಪೆಟ್ಟಿಗೆ ಎತ್ತಿನ ಬಂಡಿಯಲ್ಲಿ ಬೇರೆ ದಾರಿ ಹಿಡಿದವು. ಅವುಗಳಲ್ಲಿ 50 ಮೌಸರ್ ಪಿಸ್ತೂಲು, 46,000 ಗುಂಡು ಇದ್ದವು. ಶ್ರೀಶಚಂದ್ರನೂ ಆಮೇಲೆ ಕೆಲಸಕ್ಕೆ ಬರಲಿಲ್ಲ.

ಆ ಪಿಸ್ತೂಲುಗಳು ಬಂಗಾಳದ ಬೇರೆ ಬೇರೆ ಗುಂಪುಗಳಿಗೆ ಹಂಚಿಹೋದವು. 1915ರ ಸೆಪ್ಟೆಂಬರಿನಲ್ಲಿ ಒಡಿಶಾದ ಬಾಲಸೋರ್ ಹತ್ತಿರ ಬಾಘಾ ಜತಿನ್ ಮತ್ತು ಅವರ ಗೆಳೆಯರು ಪೊಲೀಸರ ಎದುರು ಹೋರಾಡಿದ್ದು ಮೌಸರ್ ಪಿಸ್ತೂಲು ಹಿಡಿದೇ. ರೊಡ್ಡಾ ಪಿಸ್ತೂಲುಗಳು 54 ಪ್ರಕರಣಗಳಲ್ಲಿ ಬಳಕೆಯಾಗಿವೆ ಅಂತ 1918ರ ರೌಲತ್ ಸಮಿತಿಯ ವರದಿ ಲೆಕ್ಕ ಕೊಟ್ಟಿತು.

ಈ ಲೆಕ್ಕ ಅವರಿಗೆ ಹೇಗೆ ಸಿಕ್ಕಿತು? ಪ್ರತಿ ಪಿಸ್ತೂಲಿನ ಮೇಲೆ ನಂಬರು ಒತ್ತಿತ್ತು. ಕಂಪನಿಯ ದಫ್ತರಿನಲ್ಲಿ ಆ ನಂಬರು ಬರೆದಿತ್ತು. ಸಿಕ್ಕ ಪಿಸ್ತೂಲಿನ ನಂಬರನ್ನು ದಫ್ತರಿನ ಜತೆ ತಾಳೆ ನೋಡಿದರು. ನಮ್ಮ ದನಕ್ಕೆ ಕಿವಿಯೋಲೆ ಇದ್ದ ಹಾಗೆ ಪಿಸ್ತೂಲಿಗೆ ನಂಬರು. ಹಳೆಯದಾದರೂ ಅದು ಮಾತಾಡುತ್ತದೆ.

ಸಿಪಾಯಿಗಳು ಹೋದರು, ಸಾಮಾನು ಬಂತು

ಹಾಗಾದರೆ ಸಿಪಾಯಿಯ ಟ್ರಂಕಿನಲ್ಲಿ ಜರ್ಮನ್ ಪಿಸ್ತೂಲು ಇರುವುದು ಸಾಧ್ಯವೇ? ಸಾಧ್ಯ. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿದರು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಪಡೆಗಳು ಹೈಫಾ ಊರನ್ನು ಗೆದ್ದಾಗ ಸೆರೆ ಸಿಕ್ಕವರಲ್ಲಿ ತುರ್ಕರ ಜತೆ ಜರ್ಮನರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇಂದಿಗೂ ನಿಂತಿದೆ.

ನಮ್ಮ ಕಡೆಗೆ ಹತ್ತಿರದ ಪಲ್ಟನ್ನು ಅಂದರೆ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ. ಎರಡನೇ ಮಹಾಯುದ್ಧದಲ್ಲಿ ಈ ಪಲ್ಟನ್ನು ಇಟಲಿಯಲ್ಲಿ ಜರ್ಮನರ ಎದುರು ಕಾದಿತು. ಯಶವಂತ ಘಾಡಗೆ 1944ರಲ್ಲಿ ಅಲ್ಲಿ ಪ್ರಾಣ ಕೊಟ್ಟರು, ನಾಮದೇವ ಜಾಧವ 1945ರಲ್ಲಿ ಸೆನಿಯೊ ನದಿಯ ದಂಡೆಯಲ್ಲಿ ಗಾಯಗೊಂಡೂ ಕಾದಿದರು. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಬಂತು.

ಸೋತ ಶತ್ರುವಿನ ಪಿಸ್ತೂಲನ್ನು ನೆನಪಿಗಾಗಿ ಇಟ್ಟುಕೊಳ್ಳುವ ಚಟ ಎಲ್ಲ ಸೈನ್ಯಗಳಲ್ಲೂ ಇತ್ತು. ಲ್ಯೂಗರ್ ಅಂದರೆ ಎಲ್ಲರಿಗೂ ಆಸೆ. ಅಮೆರಿಕದ ಸಿಪಾಯಿಗಳಿಗೆ ಅಂಥ ಸಾಮಾನು ಮನೆಗೆ ಒಯ್ಯಲು ಮೇಲಧಿಕಾರಿ ಸಹಿ ಮಾಡಿದ ಕಾಗದ ಕೊಡುತ್ತಿದ್ದರು. ಇವತ್ತು ಅಲ್ಲಿನ ಸಂಗ್ರಾಹಕರು ಆ ಕಾಗದ ಇದ್ದರೆ ಪಿಸ್ತೂಲಿಗೆ ಹೆಚ್ಚು ಹಣ ಕೊಡುತ್ತಾರೆ.

ಬೆಲೆ ಕಬ್ಬಿಣಕ್ಕಲ್ಲ, ಪುರಾವೆಗೆ

ಹಳೆಯ ಲ್ಯೂಗರನ್ನು ಅಮೆರಿಕದಲ್ಲಿ ಮಾರುವವರು, ಕೊಳ್ಳುವವರು ಏನು ನೋಡುತ್ತಾರೆ? ನಳಿಗೆಯ ಹಿಂಭಾಗದ ಮೇಲೆ ಒತ್ತಿದ ವರ್ಷ. ತಯಾರಿಸಿದ ಕಾರ್ಖಾನೆಯ ಗುರುತು. ಮುಖ್ಯವಾಗಿ ನಂಬರು. ಲ್ಯೂಗರಿನ ಸಣ್ಣ ಸಣ್ಣ ಭಾಗಗಳ ಮೇಲೂ ನಂಬರು ಇರುತ್ತದೆ. ಎಲ್ಲ ಭಾಗದ ನಂಬರು ಹೊಂದಿದರೆ ಒಂದು ಬೆಲೆ, ಒಂದು ಭಾಗ ಬದಲಾಗಿದ್ದರೂ ಬೇರೆ ಬೆಲೆ. ಉಜ್ಜಿ ಹೊಳಪು ಕೊಟ್ಟರೆ ಬೆಲೆ ಇಳಿಯುತ್ತದೆ. ನಾವು ಹಿತ್ತಾಳೆ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರೆ ಅಲ್ಲಿ ನಷ್ಟ.

ಬೆಲೆ ಇರುವಲ್ಲಿ ಮೋಸವೂ ಇರುತ್ತದೆ. ನಂಬರು ಅಳಿಸಿ ಹೊಸದು ಒತ್ತುವವರಿದ್ದಾರೆ. ಸಾಮಾನ್ಯ ಪಿಸ್ತೂಲಿಗೆ ದೊಡ್ಡ ಅಧಿಕಾರಿಯ ಕಥೆ ಕಟ್ಟುವವರಿದ್ದಾರೆ. ಆದ್ದರಿಂದಲೇ ಪುರಾವೆ ಇಲ್ಲದ ಕಥೆಗೆ ತಿಳಿದವರು ದುಡ್ಡು ಕೊಡುವುದಿಲ್ಲ.

ಪುರಾವೆಯ ಬೆಲೆ ಎಷ್ಟು ಅಂತ ತಿಳಿಯಲು ನಮ್ಮ ಟಿಪ್ಪು ಸುಲ್ತಾನನ ಖಡ್ಗ ಸಾಕು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೊನಮ್ಸ್ ಹರಾಜಿನಲ್ಲಿ ಅವನ ಮಲಗುವ ಕೋಣೆಯ ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಉಕ್ಕಿಗೆ ಅಷ್ಟು ಬೆಲೆ ಇಲ್ಲ. ಅದು ಟಿಪ್ಪುವಿನದು ಅನ್ನುವ ದಾಖಲೆಗೆ ಆ ಬೆಲೆ.

150 ರೂಪಾಯಿಗೆ ಹೋಗುತ್ತಿದ್ದ ಮಲಿಕ್-ಎ-ಮೈದಾನ್

ಹಳೆಯ ಆಯುಧದ ಬೆಲೆ ತಿಳಿಯದೆ ಮಾರಹೊರಟವರ ಕಥೆ ನಮ್ಮ ಜಿಲ್ಲೆಯಲ್ಲೇ ಇದೆ.

ವಿಜಯಪುರದ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ನೋಡದವರು ಕಡಿಮೆ. ಶಾಲೆಯ ಪ್ರವಾಸದಲ್ಲಿ ಎಲ್ಲರೂ ಅದರ ಮುಂದೆ ನಿಂತವರೇ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಅನ್ನುವವನು ಎರಕ ಹೊಯ್ದ ತೋಪು ಅದು. ತೂಕ ಸುಮಾರು 55 ಟನ್. ಬಾಯಿಯ ಹತ್ತಿರ ಸಿಂಹದ ಮುಖ, ಅದರ ಹಲ್ಲಿನ ನಡುವೆ ಆನೆ. 1632ರಲ್ಲಿ ಪರಂಡಾ ಕೋಟೆಯಿಂದ ಅದನ್ನು ಬಿಜಾಪುರಕ್ಕೆ ಎಳೆದು ತಂದರು. ನೂರಾರು ಎತ್ತು, ಆನೆ ಹೂಡಿದ್ದರು ಅನ್ನುವ ಮಾತು ಇಂದಿಗೂ ಇದೆ.

ಆದಿಲಶಾಹಿ ಹೋಯಿತು, ಮೊಗಲರು ಹೋದರು, ಮರಾಠರು ಹೋದರು. 1848ರಲ್ಲಿ ಸಾತಾರಾ ಸಂಸ್ಥಾನ ಕಂಪನಿ ಸರಕಾರದ ವಶವಾದಾಗ ಬಿಜಾಪುರವೂ ಅದರ ಜತೆ ಹೋಯಿತು. 1854ರಲ್ಲಿ ಸಾತಾರಾದ ಕಮಿಷನರ್ ಕಡೆಯಿಂದ ಅಪ್ಪಣೆ ಬಂತು: ಕೋಟೆಯಲ್ಲಿ ಬಿದ್ದಿರುವ ಕೆಲಸಕ್ಕೆ ಬಾರದ ಸರಕಾರಿ ಸಾಮಾನು ಮಾರಿಬಿಡಿ. ಆ ಪಟ್ಟಿಯಲ್ಲಿ ಮಲಿಕ್-ಎ-ಮೈದಾನವೂ ಸೇರಿತು. ಹರಾಜು ಕೂಗಿದರು. ಎಲ್ಲಕ್ಕಿಂತ ಹೆಚ್ಚಿನ ಕೂಗು 150 ರೂಪಾಯಿ.

55 ಟನ್ನಿಗೆ 150 ರೂಪಾಯಿ. ಲೆಕ್ಕ ಹಾಕಿದರೆ ಟನ್ನಿಗೆ ಮೂರು ರೂಪಾಯಿಯೂ ಬೀಳುವುದಿಲ್ಲ.

ಅಲ್ಲಿದ್ದ ಅಸಿಸ್ಟೆಂಟ್ ಕಮಿಷನರ್‌ಗೆ ಇದು ಸರಿಬರಲಿಲ್ಲ. ಬೆಲೆ ತೀರ ಕಡಿಮೆ, ಮೇಲಾಗಿ ಸುತ್ತಲಿನ ಜನ ಈ ತೋಪನ್ನು ಗೌರವದಿಂದ ಕಾಣುತ್ತಾರೆ ಅನ್ನುವುದು ಅವನಿಗೆ ಗೊತ್ತಿತ್ತು. ಹರಾಜು ರದ್ದಾಯಿತು. ಆ ದಿನ 150 ರೂಪಾಯಿ ಎಣಿಸಿಕೊಂಡಿದ್ದರೆ ತೋಪು ಕರಗಿ ಹೋಗುತ್ತಿತ್ತು. ನಮ್ಮ ಮಕ್ಕಳಿಗೆ ಬರೀ ಬುರುಜು ಉಳಿಯುತ್ತಿತ್ತು.

ಅದನ್ನು ಉಳಿಸಿದ್ದು ಜನರಿಗೆ ಅದರ ಮೇಲಿದ್ದ ಗೌರವ, ಅದನ್ನು ಅರಿತ ಒಬ್ಬ ಅಧಿಕಾರಿ.

ಹಲಗಲಿ: ಆಯುಧಕ್ಕೆ ಚೀಟಿ ಬಂದ ವರ್ಷ

ಈಗ ಕಾನೂನಿನ ಮಾತು. ಆಯುಧ ಇಟ್ಟುಕೊಳ್ಳಲು ಸರಕಾರದ ಚೀಟಿ ಯಾಕೆ ಬೇಕು? ಇದು ಯಾವಾಗಿನಿಂದ ಬಂತು?

1857ರ ದಂಗೆಯ ಹೊತ್ತಿನಲ್ಲಿ ಇಂಗ್ಲಿಷರು ಜನರ ಕೈಯಿಂದ ಆಯುಧ ಕಸಿಯಲು ಕಾಯ್ದೆ ತಂದರು. ಆಯುಧ ತಂದು ಒಪ್ಪಿಸಿ, ಇಟ್ಟುಕೊಳ್ಳುವುದಿದ್ದರೆ ಪರವಾನಗಿ ಪಡೆಯಿರಿ ಅನ್ನುವುದು ಅಪ್ಪಣೆ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧ ಅಂದರೆ ಹೊಟ್ಟೆಯ ಪಾಡು, ಮನೆತನದ ಮಾನ. ಅವರು ಕೊಡಲಿಲ್ಲ. 1857ರ ನವೆಂಬರಿನಲ್ಲಿ ಕುದುರೆ ದಂಡು ಊರಿಗೆ ಬಂತು. ಊರಿಗೆ ಬೆಂಕಿ ಬಿತ್ತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಜಡಗ, ಬಾಲ ಅನ್ನುವ ಹೆಸರುಗಳು ಲಾವಣಿಯಲ್ಲಿ ಉಳಿದವು. ಆ ಲಾವಣಿಯನ್ನು ಮುಂದೆ ಜೆ.ಎಫ್. ಫ್ಲೀಟ್ ಅನ್ನುವ ಇಂಗ್ಲಿಷ್ ಅಧಿಕಾರಿಯೇ ಬರೆಸಿಕೊಂಡು ಅಚ್ಚು ಹಾಕಿಸಿದ.

ಹಲಗಲಿ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರಲ್ಲಿ ಜಿಲ್ಲೆ ಒಡೆಯುವ ತನಕ ನಮ್ಮ ಬಿಜಾಪುರ ಜಿಲ್ಲೆಯದೇ ಊರು.

1878ರಲ್ಲಿ ಇಡೀ ದೇಶಕ್ಕೆ ಗಟ್ಟಿಯಾದ ಆಯುಧ ಕಾಯ್ದೆ ಬಂತು. ಕೊಡವರಿಗೆ ಮಾತ್ರ ಇಂಗ್ಲಿಷರ ಕಾಲದಿಂದಲೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ಮುಂದುವರಿಸಿತು. ಆ ವಿನಾಯಿತಿ ನಮಗೆ ಇಲ್ಲ.

ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಕಾಯ್ದೆ ಮಾಡಿತು. ಇಂಗ್ಲಿಷರ ಕಾಯ್ದೆ ಜನರನ್ನು ನಂಬದ ಕಾಯ್ದೆ. ಇಂದಿನದು ಜನರ ಜೀವ ಕಾಯಬೇಕಾದ ಕಾಯ್ದೆ. ಇದನ್ನು ನಾವು ಭೀಮೆಯ ದಂಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಂಡಿ, ಸಿಂದಗಿ ಅಂದರೆ ನಿಂಬೆ, ಬಿಳಿಜೋಳ ನೆನಪಾಗಬೇಕಿತ್ತು. ಪತ್ರಿಕೆಗಳಲ್ಲಿ, ಸಿನಿಮಾಗಳಲ್ಲಿ 'ಭೀಮಾ ತೀರ' ಅಂದರೆ ಕಂಟ್ರಿ ಪಿಸ್ತೂಲು ಅಂತಾಯಿತು. ಪರ ಊರಿನಲ್ಲಿ ನಮ್ಮ ಊರಿನ ಹೆಸರು ಹೇಳಿದರೆ "ಓ, ಆ ಕಡೆಯವರಾ?" ಅಂತ ನಗುವವರನ್ನು ನಾವೇ ಕಂಡಿದ್ದೇವೆ. ಆ ನಗೆಯ ಹಿಂದೆ ಎಷ್ಟು ಮನೆಯ ಕಣ್ಣೀರು ಇದೆ ಅಂತ ಅವರಿಗೆ ಗೊತ್ತಿಲ್ಲ.

ಕಾಯ್ದೆ ಏನು ಹೇಳುತ್ತದೆ?

ನಾವು ವಕೀಲರಲ್ಲ. ಆದರೂ ಮುಖ್ಯವಾದ ನಾಲ್ಕು ಮಾತು ಎಲ್ಲರಿಗೂ ತಿಳಿದಿರಬೇಕು.

ಒಂದು. 'ಹಳೆಯದು, ಅದಕ್ಕೆ ಲೈಸೆನ್ಸ್ ಬೇಡ' ಅನ್ನುವುದು ಅರ್ಧ ಸತ್ಯ. 1959ರ ಕಾಯ್ದೆಯ 45ನೇ ಕಲಮು ಪುರಾತನ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ಅದು ಹಾಗೆಯೂ, ರಿಪೇರಿ ಮಾಡಿಸಿಯೂ ಗುಂಡು ಹಾರಿಸಲು ಬಾರದಂತೆ ಇರಬೇಕು. ಲ್ಯೂಗರಿನದು 9 ಮಿಲಿಮೀಟರ್ ಗುಂಡು. ಆ ಗುಂಡು ಇಂದಿಗೂ ಜಗತ್ತಿನ ಸೈನ್ಯ, ಪೊಲೀಸರ ಬಳಕೆಯಲ್ಲಿದೆ. ನೂರು ವರ್ಷ ಹಳೆಯ ಲ್ಯೂಗರೂ ಎಣ್ಣೆ ಹಾಕಿದರೆ ಕೆಲಸ ಮಾಡೀತು. ಆದ್ದರಿಂದ ಅದು ಕಾಯ್ದೆಯ ಕಣ್ಣಿಗೆ ಬರೀ ಹಳೆಯ ಸಾಮಾನಲ್ಲ, ಪಿಸ್ತೂಲೇ. ಮೇಲಾಗಿ 9 ಮಿಲಿಮೀಟರ್ ಅನ್ನುವುದು ಸಾಮಾನ್ಯ ಜನರಿಗೆ ನಿಷೇಧಿತ ಬೋರ್.

ಎರಡು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಎರಡರಿಂದ ಐದು ವರ್ಷ ಸಜೆ. ನಿಷೇಧಿತ ಆಯುಧವಾದರೆ ಏಳರಿಂದ ಹದಿನಾಲ್ಕು ವರ್ಷ.

ಮೂರು. ಅದೇ ತಿದ್ದುಪಡಿಯಿಂದ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಹಿರಿಯರಿಂದ ಬಂದದ್ದು ಅಂದರೂ ಎರಡೇ. ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡರೆ ವಾರಸುದಾರರು ತಡಮಾಡದೆ ಆಯುಧವನ್ನು ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ, ಆಮೇಲೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಚುನಾವಣೆ ಬಂದಾಗ ಹೊಲದ ಬಂದೂಕು ಠಾಣೆಗೆ ಒಪ್ಪಿಸಿ ರಸೀದಿ ತರುವುದು ನಮ್ಮವರಿಗೆ ಗೊತ್ತೇ ಇದೆ. ಇದೂ ಹಾಗೆಯೇ, ರಸೀದಿ ಮರೆಯಬಾರದು.

ನಾಲ್ಕು. ಲೈಸೆನ್ಸ್ ಇದ್ದವರು ಮಾರುವುದಿದ್ದರೂ ಕೊಳ್ಳುವವರಿಗೆ ಲೈಸೆನ್ಸ್ ಇರಬೇಕು, ಮೊದಲೇ ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ತಿಳಿಸಬೇಕು. ವಾಟ್ಸಾಪಿನಲ್ಲಿ ಕುದುರುವ ವ್ಯವಹಾರ ಇದಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುಗಳಿಗೆ 1972ರ ಇನ್ನೊಂದು ಕಾಯ್ದೆ ಇದೆ. ಅದರ ಪ್ರಕಾರ ಅಂಥವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ.

ಕಾಕಾರ ಟ್ರಂಕು

ನಾವು ತಿರುಗಿ ತಾಂಬಾಕ್ಕೆ ಹೋದೆವು. ಆ ಸಾಮಾನನ್ನು ನಾವು ನೋಡಲಿಲ್ಲ, ಮುಟ್ಟಲಿಲ್ಲ. ಬಾಯಿಯಿಂದಲೇ ಕೇಳಿದೆವು.

"ಕಾಕಾ, ಗುಂಡು ತುಂಬುವುದು ಎಲ್ಲಿ?"

"ನಡುವ ಒಂದು ದುಂಡಂದು ಐತಿ ನೋಡ್ರಿ, ಅದು ತಿರಗತಿತ್ತು. ಈಗ ಜಂಗ ಹಿಡದೈತಿ."

ದುಂಡಗೆ ತಿರುಗುವುದಿದ್ದರೆ ಅದು ರಿವಾಲ್ವರ್. ಲ್ಯೂಗರಲ್ಲ, ಮೌಸರಲ್ಲ, ವಾಲ್ಥರಲ್ಲ. ಐದು ಲಕ್ಷ ಅಂದವನು ಫೋಟೊ ನೋಡಿಯೇ 'ಪಕ್ಕಾ ಜರ್ಮನ್' ಅಂದಿದ್ದನಂತೆ. ಮೊದಲು 'ನೋಂದಣಿ ಫೀ' ಅಂತ ಐದು ಸಾವಿರ ಹಾಕಲು ಹೇಳಿದ್ದನಂತೆ. ಕಾಕಾ ಹಾಕಲಿಕ್ಕೇ ಹೊರಟಿದ್ದರು. ಹಾಕಿದ್ದರೆ ದುಡ್ಡೂ ಹೋಗುತ್ತಿತ್ತು. ಫೋಟೊ ಅವನ ಕೈಯಲ್ಲಿ ಇರುವುದರಿಂದ ಮುಂದೆ ಪೊಲೀಸರ ಹೆಸರಿನಲ್ಲಿ ಹೆದರಿಸಲೂ ಬರುತ್ತಿತ್ತು.

ಕಾಕಾ ಬಹಳ ಹೊತ್ತು ಸುಮ್ಮನೆ ಕೂತರು. ಮಗಳ ಮದುವೆ ಮಾರ್ಚಿನಲ್ಲಿದೆ ಅಂತ ನಡುವೆ ಒಮ್ಮೆ ಅಂದರು. ನಮಗೂ ಮಾತು ಹೊರಡಲಿಲ್ಲ. ಕಾಯ್ದೆ ಹೇಳುವುದು ಸುಲಭ, ಐದು ಲಕ್ಷದ ಕನಸು ಒಡೆಯುವುದು ಸುಲಭವಲ್ಲ.

ಕೊನೆಗೆ ಅವರೇ ಎದ್ದರು. ಇಂಡಿಯ ಒಬ್ಬ ವಕೀಲರ ಮೂಲಕ ಠಾಣೆಗೆ ಬರೆದುಕೊಟ್ಟು ಒಪ್ಪಿಸುವುದು ಅಂತ ತೀರ್ಮಾನವಾಯಿತು. ತಾವಾಗಿಯೇ ಮುಂದೆ ಬಂದವರ ಮಾತಿಗೂ ದಾಳಿಯಲ್ಲಿ ಸಿಕ್ಕವರ ಮಾತಿಗೂ ಅಂತರ ಇದೆ ಅಂತ ವಕೀಲರು ಧೈರ್ಯ ಹೇಳಿದರು.

ನಾವು ಹೊರಡುವಾಗ ಕಾಕಾ ಅದೇ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತಂದರು. ಒಳಗೆ ಕಪ್ಪಾದ ದುಂಡನೆಯ ಪದಕ. ಮೊದಲ ಮಹಾಯುದ್ಧದ ಪದಕದ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟನ್ನು ಕೆತ್ತಿರುತ್ತದೆ. ಮೊಬೈಲಿನ ಬೆಳಕು ಹಿಡಿದು ನೋಡಿದೆವು. ಇಂಗ್ಲಿಷ್ ಅಕ್ಷರ ಸವೆದಿದ್ದವು, ಆದರೂ ಮುತ್ಯಾನ ಹೆಸರು ಓದಲು ಬಂತು. ಹೆಸರು ಓದಿ ಹೇಳಿದಾಗ ಕಾಕಾ ಪದಕವನ್ನು ತಿರುಗಿ ಕೈಗೆ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಇಷ್ಟು ವರ್ಷ ಅದನ್ನು ಅವರು ಹಳೆಯ ರೂಪಾಯಿ ಅಂದುಕೊಂಡಿದ್ದರು.

ಆ ಪದಕಕ್ಕೆ ಲೈಸೆನ್ಸ್ ಬೇಡ, ಯಾರಿಗೂ ಹೆದರಬೇಕಿಲ್ಲ. ನಂಬರು, ಪಲ್ಟನ್ನಿನ ಹೆಸರು ಹಿಡಿದು ಮುತ್ಯಾ ಯಾವ ದೇಶದಲ್ಲಿ ಕಾದಿದರು ಅಂತ ಹುಡುಕಬಹುದು. ನಾವು ಹುಡುಕುತ್ತಿದ್ದೇವೆ.

ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಮಿಲ್ಟ್ರಿಯ ಹಳೆಯ ಕಾಗದ, ಡಿಸ್ಚಾರ್ಜ್ ಪುಸ್ತಕ, ಪೆನ್ಶನ್ ಚೀಟಿ, ಪತ್ರ, ಪದಕ ಇದ್ದರೆ ತಿಕ್ಕಬೇಡಿ, ಗುಜರಿಗೆ ಹಾಕಬೇಡಿ. ಫೋಟೊ ತೆಗೆದು ನಮಗೆ ಕಳಿಸಿ, ಓದಿ ಹೇಳುತ್ತೇವೆ. ಪಿಸ್ತೂಲು ಸಿಕ್ಕರೆ ಮಾತ್ರ ನಮಗೂ ಫೋಟೊ ಬೇಡ, ವಾಟ್ಸಾಪಿನವನಿಗೂ ಬೇಡ. ಗುಂಡು ಒಳಗಿದೆಯೋ ಇಲ್ಲವೋ ಅಂತ ಅದುಮಿ ನೋಡಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ, ಮೊದಲು ವಕೀಲರನ್ನು ಕಾಣಿ.